ದುಭಾಷಿಯ ಸಹಿ

ದುಭಾಷಿಯನ್ನು ಊರಿನವರು ‘ನಾಲಿಗೆ ಸಾಹೇಬ’ ಎನ್ನುತ್ತಿದ್ದರು, ಬೆನ್ನ ಹಿಂದೆ ಮಾತ್ರ. ಜಿಲ್ಲೆಯನ್ನಾಳುತ್ತಿದ್ದ ಪರದೇಶದ ಅಧಿಕಾರಿಗಳು ಹನ್ನೊಂದೇ ಜನ. ಒಬ್ಬನಿಗೂ ನಮ್ಮ ಮಾತು ಬಾರದು. ಯಾವ ಹುಕುಮೇ ಆಗಲಿ, ದುಭಾಷಿ ಅದನ್ನು ನಮ್ಮ ಭಾಷೆಗೆ ತಿರುಗಿಸಿ, ಪೇದೆಗಳಿಗೆ ಓದಿ ಹೇಳಿ, ಕೆಳಗೆ ಸಹಿ ಹಾಕಿದರಷ್ಟೇ ಜಾರಿ. ಆಮೇಲೆ ಅವನ ಸಹಿಯಿದ್ದ ಆ ಕಾಗದ ಕಚೇರಿಯ ಕಪಾಟು ಸೇರುತ್ತಿತ್ತು. ಇಪ್ಪತ್ತೆಂಟು ವರ್ಷ ಪುಣ್ಯಾತ್ಮ ಕಣ್ಣು ಮುಚ್ಚಿಕೊಂಡು ಸಹಿ ಹಾಕಿದ. ತಂಗಿಯ ಗಂಡನನ್ನು, ಆ ಬಡಪಾಯಿ ಮೇಷ್ಟ್ರನ್ನು, ಹಿಡಿದೊಯ್ಯುವ ಹುಕುಮಿಗೂ ಹಾಕಿದ. ಮೇಷ್ಟ್ರು ಸೆರೆಮನೆಯಲ್ಲೇ ತೀರಿಕೊಂಡರು. ತಂಗಿ ಅಂದಿನಿಂದ ಅಣ್ಣನ ಮನೆಯಲ್ಲೇ ಇದ್ದಳು. ಸಹಿಯ ವಿಷಯ ಅವಳಿಗೆ ಗೊತ್ತಿರಲಿಲ್ಲ.

ಸಾಮ್ರಾಜ್ಯ ಬಿದ್ದದ್ದು ಫಿರಂಗಿಯ ಸದ್ದಿಗಲ್ಲ ಸ್ವಾಮಿ. ಮೊದಲು ಪೇದೆಗಳು ಹುಷಾರಿಲ್ಲವೆಂದು ರಜೆ ಹಾಕಿದರು. ಆಮೇಲೆ ತಂತಿ ಕಚೇರಿಯವನು ನಾಪತ್ತೆ. ಗುಮಾಸ್ತರ ಕುರ್ಚಿಗಳು ಒಂದೊಂದಾಗಿ ಖಾಲಿಯಾದವು. ಸಾಹೇಬರ ಶಾಲೆಯಲ್ಲಿ ಓದಿದವರೇ ಸಾಹೇಬರ ಕಾನೂನು ಪುಸ್ತಕ ಹಿಡಿದು ಸಾಹೇಬರಿಗೇ ಪಾಠ ಹೇಳತೊಡಗಿದರು. ಹನ್ನೊಂದು ಜನ ಗಂಟೆ ಬಾರಿಸುತ್ತಾ ಕೂತರು, ಬರುವವರೇ ಇಲ್ಲ. ದುಭಾಷಿಯೊಬ್ಬ ತಪ್ಪದೆ ಬರುತ್ತಿದ್ದ. ನಿಷ್ಠೆಯೂ ಇಲ್ಲ, ಮಣ್ಣೂ ಇಲ್ಲ, ಬರೀ ಹೆದರಿಕೆ. ಆ ಕಪಾಟುಗಳು ಬೂದಿಯಾಗುವುದನ್ನು ಕಣ್ಣಾರೆ ನೋಡುವ ತನಕ ಅವನಿಗೆ ಅನ್ನ ಇಳಿಯುತ್ತಿರಲಿಲ್ಲ.

ಸಾಹೇಬರು ಹೊರಡುವ ದಿನ ಬೆಳಿಗ್ಗೆ ಕಚೇರಿಯ ಹಿತ್ತಲಲ್ಲಿ ಬೆಂಕಿ ಹಾಕಿದರು. ಮೂರು ಪೆಟ್ಟಿಗೆ ಕಾಗದ ಸುಟ್ಟು ದೊಡ್ಡ ಸಾಹೇಬ ಕೈ ಒರೆಸಿಕೊಂಡ. ದುಭಾಷಿ ಒಳಗಿನ ಕಪಾಟುಗಳನ್ನು ತೋರಿಸಿದ.

“ನಮ್ಮ ಸಹಿ ಇದ್ದದ್ದೆಲ್ಲ ಸುಟ್ಟಾಯಿತು,” ಎಂದ ಸಾಹೇಬ, ತನ್ನ ಭಾಷೆಯಲ್ಲಿ. “ಅವು ನಿಮ್ಮವು.”

ದುಭಾಷಿ ಅಂಗಲಾಚಿದ, ಕಾಲಿಗೆ ಬೀಳುವುದೊಂದು ಬಾಕಿ. ಸಾಹೇಬರ ಮೋಟಾರು ಹೊರಟೇ ಹೋಯಿತು. ಅವನು ಒಳಗೋಡಿ, ಕಪಾಟಿನಿಂದ ಕೈಗೆ ಸಿಕ್ಕಷ್ಟು ಕಾಗದ ತೋಳ್ತುಂಬ ಬಾಚಿಕೊಂಡು ಬೆಂಕಿಯತ್ತ ಬಂದ. ಅಷ್ಟರಲ್ಲಿ ಹಿತ್ತಲ ಗೇಟು ತೆರೆದು ಜನ ನುಗ್ಗಿದರು. ಎಲ್ಲರಿಗಿಂತ ಮುಂದೆ ತಂಗಿ. ಮೇಷ್ಟ್ರ ಹೆಂಡತಿಯೆಂದು ಜನ ಅವಳಿಗೆ ದಾರಿ ಬಿಟ್ಟಿದ್ದರು. ಬೆಂಕಿಯನ್ನೂ ಅಣ್ಣನ ತೋಳಲ್ಲಿದ್ದ ಕಾಗದವನ್ನೂ ನೋಡಿ ಅವಳ ಕಣ್ಣು ತುಂಬಿತು.

“ಸದ್ಯ, ನೀನಾದ್ರೂ ಉಳಿಸಿದ್ಯಲ್ಲಣ್ಣ,” ಎಂದಳು. “ಇಲ್ಲಿ ಕೊಡು. ಅವ್ರನ್ನ ಹಿಡ್ಕೊಂಡು ಹೋಗೋಕೆ ಸಹಿ ಹಾಕಿದ್ದು ಯಾರು ಅಂತ ನಾನೇ ಓದ್ಬೇಕು.”

ಅವಳಿಗೆ ಅಕ್ಷರ ಕಲಿಸಿದವನು ಇವನೇ. ಕೊಡದಿರಲು ಒಂದು ನೆಪವೂ ಹೊಳೆಯಲಿಲ್ಲ. ಜೀವಮಾನವಿಡೀ ಇನ್ನೊಬ್ಬರ ಮಾತನ್ನೇ ಆಡಿದವನು. ಅವಳು ಮೆಟ್ಟಿಲ ಮೇಲೆ ಕೂತು ಮೊದಲ ಹಾಳೆ ಓದಿದಳು. ಅದು ಯಾರೋ ಬೇರೆಯವರದು. ಎರಡನೆಯದನ್ನು ತಿರುವಿದಳು, ಮೂರನೆಯದನ್ನು ತಿರುವಿದಳು. ಆಮೇಲೆ ಹುಕುಮು ಓದುವುದನ್ನು ಬಿಟ್ಟು ಪ್ರತಿ ಹಾಳೆಯ ಕೆಳಗಷ್ಟೇ ನೋಡತೊಡಗಿದಳು.

“ಎಲ್ಲದ್ರಲ್ಲೂ ನಿಂದೇ ಇದೆಯಲ್ಲಣ್ಣ,” ಎಂದಳು ಮೆಲ್ಲಗೆ.

ಹಿಂದೆ ಯಾರೋ ಗೇಟು ಮುಚ್ಚಿ ಚಿಲಕ ಹಾಕಿದರು.