ಅಣ್ಣನ ಎಡಗೈ ಮತ್ತು ವಾಬಲ್ ಬೇಸ್

ಅಣ್ಣನ ಎಡಗೈ ಮೃದಂಗದ ಮೇಲೆ ಹೇಳಿದ ಮಾತು ಕೇಳದಂತಾದದ್ದು ಕಳೆದ ವರ್ಷ ದಸರಾ ಮುಗಿದ ಮೇಲೆ. ನನಗೆ ದಿನಚರಿ ಬರೆಯುವ ಅಭ್ಯಾಸವಿದೆ, ಬಿಡದೆ ಬರೆಯುತ್ತೇನೆ. ಅದಾದ ಬುಧವಾರದ ಪುಟದಲ್ಲಿ ಹಾಲಿನವನ ಲೆಕ್ಕದ ಕೆಳಗೆ ಒಂದೇ ಸಾಲು ಇದೆ: ಅಣ್ಣನ ಗುಮ್ಕಿ ಎರಡು ಕಡೆ ಬೀಳಲಿಲ್ಲ.

ಮೃದಂಗದ ಎಡಮುಖವನ್ನು ಬಾರಿಸಿ, ಕೂಡಲೇ ಅಂಗೈಯ ಬುಡದಿಂದ ಚರ್ಮವನ್ನು ಒತ್ತಿ ಮುಂದಕ್ಕೆ ಜಾರಿಸಿದರೆ ನಾದ ತಗ್ಗಿನಿಂದ ಮೇಲಕ್ಕೆ ಬಾಗಿಕೊಂಡು ಹೋಗುತ್ತದೆ. ಅದಕ್ಕೆ ಗುಮ್ಕಿ ಎನ್ನುತ್ತಾರೆ. ಅಣ್ಣನನ್ನು ಕಚೇರಿಗಳಿಗೆ ಕರೆಯುತ್ತಿದ್ದದ್ದೇ ಅದಕ್ಕಾಗಿ. ಹಾಡುವವರು ಪಲ್ಲವಿಯ ಕೊನೆಯಲ್ಲಿ ಉಸಿರು ತೆಗೆದುಕೊಳ್ಳುವಾಗ ಅವನ ಎಡಗೈ ಮೆಲ್ಲಗೆ ಒಂದು ಹೂಂ ಎನ್ನುತ್ತಿತ್ತು, ಮುಂದಿನ ಸಾಲಿನವರು ತಲೆದೂಗುತ್ತಿದ್ದರು.

ಗವಿಪುರಂನಲ್ಲಿ ಮೊದಲ ಮಹಡಿಯ ಮನೆ ನಮ್ಮದು. ಇರುವವರು ಅಮ್ಮ, ಅಣ್ಣ, ನಾನು. ಅಣ್ಣ ರಂಗಪ್ರವೇಶಗಳಿಗೂ ಮದುವೆ ಕಚೇರಿಗಳಿಗೂ ನುಡಿಸುತ್ತಿದ್ದ, ಭಾನುವಾರ ಬೆಳಿಗ್ಗೆ ಹಾಲ್‌ನಲ್ಲಿ ಮಕ್ಕಳಿಗೆ ಪಾಠ ಮಾಡುತ್ತಿದ್ದ. ನಾನು ಜಾಹೀರಾತುಗಳಿಗೆ ಧ್ವನಿ ಜೋಡಿಸುವ ಆಫೀಸೊಂದರಲ್ಲಿ ಕೆಲಸ ಮಾಡುತ್ತೇನೆ. ಉಳಿದ ಹೊತ್ತಿನಲ್ಲಿ ನನ್ನ ಕೋಣೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತು ಎಲೆಕ್ಟ್ರಾನಿಕ್ ಸಂಗೀತ ಮಾಡುತ್ತೇನೆ.

ಮೊದಲ ಮೂರು ತಿಂಗಳು ನಾವೆಲ್ಲರೂ ಮೃದಂಗವನ್ನೇ ದೂರಿದೆವು. ನುಡಿಸುವ ಮುಂಚೆ ಎಡಮುಖದ ನಡುವೆ ರವೆ ಕಲಸಿ ಅಂಟಿಸುತ್ತಾರೆ, ನಾದಕ್ಕೆ ತೂಕ ಬರಲೆಂದು. ರವೆ ಜಾಸ್ತಿಯಾಗಿ ಕೈ ಜಾರುತ್ತಿಲ್ಲ ಎಂದು ಅಣ್ಣ ಕಡಿಮೆ ಮಾಡಿದ. ಆಮೇಲೆ ಗಟ್ಟಿಯಾಯಿತೆಂದು ನೀರು ಹೆಚ್ಚಿಸಿದ. ಅಮ್ಮನೂ ಅಡುಗೆಮನೆಯಿಂದಲೇ ಸಲಹೆ ಕೊಟ್ಟಳು: "ಚಿರೋಟಿ ರವೆ ಹಾಕಿ ನೋಡೋ, ನುಣ್ಣಗಿರತ್ತೆ." ಅದೂ ಆಯಿತು. ಚರ್ಮವನ್ನು ಎರಡು ಸಲ ಬದಲಾಯಿಸಿ ಬಿಗಿಸಿಕೊಂಡು ಬಂದ. ಹೊಸ ಚರ್ಮ ಪಳಗಲು ಸಮಯ ಬೇಕೆಂದು ಕಾದ. ಸಂಕ್ರಾಂತಿಯ ವಾರ ಗೆಳೆಯನೊಬ್ಬನ ಮೃದಂಗವನ್ನು ಮುಂದಿಟ್ಟುಕೊಂಡು ಕೂತ. ಕೈ ಎಡಮುಖವನ್ನು ಮುಟ್ಟುವ ಮುಂಚೆಯೇ ಉಂಗುರದ ಬೆರಳು, ಕಿರುಬೆರಳು ಒಳಕ್ಕೆ ಮಡಚಿಕೊಂಡವು. ಅಲ್ಲಿಗೆ ರವೆಯ ಮಾತು ನಿಂತಿತು.

ನರರೋಗದ ಡಾಕ್ಟರ ಬಳಿಗೆ ನಾನೂ ಹೋಗಿದ್ದೆ. ಕೈಯಲ್ಲಿ ಯಾವ ತೊಂದರೆಯೂ ಇಲ್ಲ, ಆ ಒಂದು ಚಲನೆಯ ನಕ್ಷೆ ಮೆದುಳಿನಲ್ಲಿ ಕಲಸಿಹೋಗಿದೆ ಎಂದರು. ಯಾವುದನ್ನು ಅತಿಯಾಗಿ ಅಭ್ಯಾಸ ಮಾಡಿರುತ್ತಾರೋ ಅದೇ ಕೆಡುತ್ತದಂತೆ. ಕೆಲವರಿಗೆ ಬೇರೆ ಥರದ ಚಲನೆಯನ್ನು ನಿಧಾನವಾಗಿ ಕಲಿಸಿ ಸ್ವಲ್ಪ ದಾರಿಗೆ ತಂದದ್ದುಂಟು, ಹಲವರಿಗೆ ಆಗಿಲ್ಲ ಎಂದರು. ಅಣ್ಣ ಕೇಳಿದ್ದು ಒಂದೇ ಪ್ರಶ್ನೆ: ರಾಮನವಮಿ ಹೊತ್ತಿಗೆ ಆಗುತ್ತದೆಯೇ? ಚಾಮರಾಜಪೇಟೆಯ ಒಂದು ಪೆಂಡಾಲಿನಲ್ಲಿ, ತಾನು ಚಿಕ್ಕಂದಿನಿಂದ ಕೇಳಿಕೊಂಡು ಬೆಳೆದ ಹಿರಿಯ ಗಾಯಕರೊಬ್ಬರಿಗೆ ಅವನು ಮೊದಲ ಸಲ ನುಡಿಸಬೇಕಿತ್ತು. ಡಾಕ್ಟರು ಮುಂದಿನ ಭೇಟಿಯ ತಾರೀಕು ಬರೆದುಕೊಟ್ಟರು. ವಾಪಸ್ ಬರುವಾಗ ವಿ.ವಿ. ಪುರಂನಲ್ಲಿ ಇಳಿದು ನಿಂತುಕೊಂಡೇ ಅವರೆಬೇಳೆ ದೋಸೆ ತಿಂದೆವು. ಅಣ್ಣ ಎಡಗೈಯಲ್ಲಿ ನೀರಿನ ಲೋಟ ಎತ್ತಿ ಕುಡಿದ. ಒಂದು ಹನಿ ಚೆಲ್ಲಲಿಲ್ಲ.

ಆಗ ನಾನು ಒಂದು ವಾಬಲ್ ಬೇಸ್, ಎಂದರೆ ತೂಗಾಡುವ ತಗ್ಗು ನಾದ, ಮಾಡುವುದರಲ್ಲಿ ಮುಳುಗಿದ್ದೆ. ದಪ್ಪ, ಒರಟು ತಗ್ಗು ಸ್ವರವೊಂದನ್ನು ಸಿಂತಸೈಜರ್‌ನಲ್ಲಿ ಹಿಡಿದಿಟ್ಟು, ಅದರ ಮುಂದೆ ಒಂದು ಫಿಲ್ಟರ್ ಇಡುತ್ತೇವೆ. ಫಿಲ್ಟರ್ ತೆರೆದರೆ ಸ್ವರ ಬಾಯಿ ಬಿಟ್ಟಂತೆ, ಮುಚ್ಚಿದರೆ ಬಾಯಿ ಮುಚ್ಚಿದಂತೆ ಕೇಳುತ್ತದೆ. ಅದನ್ನು ತೆರೆದು ಮುಚ್ಚುವುದು ನಮಗೆ ಕೇಳಿಸದ ಒಂದು ನಿಧಾನದ ಅಲೆ. ಆ ಅಲೆಯ ವೇಗ ಒಂದೇ ಸಮ ಇದ್ದರೆ ಬೇಸ್ ಟೇಬಲ್ ಫ್ಯಾನಿನಂತೆ ಕೊರೆಯುತ್ತದೆ. ಬೀಟ್‌ಗೆ ಒಂದು ಸಲ, ಎರಡು ಸಲ, ಮೂರು ಸಲ, ನಾಲ್ಕು ಸಲ ಎಂದು ವೇಗ ಬದಲಾಗುತ್ತಿದ್ದರೆ ಮಾತ್ರ ಅದಕ್ಕೆ ಜೀವ. ಹಾಡು ಓಡುವಾಗ ಅದು ತಾನೇ ಬದಲಾಗಲೆಂದು ಹಾಡಿನ ಕೆಳಗೆ ಒಂದು ಗೆರೆ ಎಳೆದಿಡುತ್ತೇವೆ. ಗೆರೆ ಏರಿದರೆ ವೇಗ ಏರುತ್ತದೆ, ಇಳಿದರೆ ಇಳಿಯುತ್ತದೆ. ಇದೇ ಆಟೊಮೇಷನ್.

ಅಣ್ಣ ಹಾಲ್‌ನಿಂದ ಎದ್ದು ಬಂದು ಬಾಗಿಲಲ್ಲಿ ನಿಂತ.

"ಏನೇ ಅದು, ಮಿಕ್ಸಿ ಕೆಟ್ಟೋಗಿದೆಯಾ?"

ಬೇಸ್ ಎಂದೆ. ಇನ್ನೊಂದು ಸಲ ಹಾಕಿಸಿಕೊಂಡು ಕೇಳಿದ. "ಗುಮ್ಕಿ ಹಾಕ್ತಿದೆ ಕಣೇ ಇದು. ಆದ್ರೆ ಪಾಪ, ಒಂದೇ ಕಾಲದಲ್ಲಿ, ವೇಗ ಬದಲಾಗ್ತಿಲ್ಲ."

ಅವತ್ತಿನಿಂದ ಅವನು ನನ್ನ ಮಂಚದ ತುದಿಯಲ್ಲಿ ಕೂತು ಬಲಗೈಯಿಂದ ತೊಡೆಯ ಮೇಲೆ ತಾಳ ಹಾಕುತ್ತಾ ವೇಗ ಹೇಳುವುದು, ನಾನು ಗೆರೆ ಎಳೆಯುವುದು ಶುರುವಾಯಿತು. ಇಲ್ಲಿ ಎರಡು, ಇಲ್ಲಿ ತಿಶ್ರ ಅಂದರೆ ಮೂರು, ಇಲ್ಲಿಂದ ನಾಲ್ಕು, ಮತ್ತೆ ಒಂದಕ್ಕೆ ಇಳಿ. ಮೊದಲು ಎಲ್ಲವೂ ತಪ್ಪಿತು. ಅಲೆ ಅರ್ಧ ದಾರಿಯಲ್ಲಿರುವಾಗ ವೇಗ ಬದಲಾಗಿ, ಬಾಯಿ ತೆರೆಯಬೇಕಾದ ಬೀಟ್‌ಗೆ ಸರಿಯಾಗಿ ಬಾಯಿ ಮುಚ್ಚುತ್ತಿತ್ತು. ಪ್ರತಿ ಸ್ವರಕ್ಕೂ ಅಲೆ ಹೊಸದಾಗಿ ಶುರುವಾಗುವಂತೆ ಮಾಡಿ, ವೇಗ ಬದಲಾಗುವ ಕಡೆಯಲ್ಲೆಲ್ಲ ಸ್ವರವನ್ನು ಮತ್ತೆ ಹಿಡಿದೆ. ತಾಳದ ಸಮಕ್ಕೆ ಬಂತು ಎಂದ ಅಣ್ಣ. ಆದರೂ ಮುಖ ಅರಳಲಿಲ್ಲ.

"ಕೈ ಹೀಗೆ ಮೆಟ್ಲು ಹತ್ತಲ್ಲ. ಎರಡರಿಂದ ನಾಲ್ಕಕ್ಕೆ ಹೋಗೋ ಮುಂಚೆ ಒಂಚೂರು ಹಿಂದಕ್ಕೆ ಎಳಿಯತ್ತೆ. ಆಮೇಲೆ ಬಿಡತ್ತೆ."

ಆ ಹಿಂದೆಳೆತವನ್ನು ಮೌಸಿನಿಂದ ಗೆರೆಯಲ್ಲಿ ಮೂಡಿಸಲು ಒಂದು ಇಡೀ ಮಧ್ಯಾಹ್ನ ಕಳೆದೆ. ಆಗಲಿಲ್ಲ. ಕೊನೆಗೆ ಮೇಜಿನ ಡ್ರಾಯರ್‌ನಲ್ಲಿದ್ದ, ತಿರುಗಿಸುವ ನಾಬ್‌ಗಳ ಪುಟ್ಟ ಪೆಟ್ಟಿಗೆಯನ್ನು ಲ್ಯಾಪ್‌ಟಾಪ್‌ಗೆ ಸಿಕ್ಕಿಸಿ, ಒಂದು ನಾಬ್ ಅನ್ನು ಅಲೆಯ ವೇಗಕ್ಕೆ ಜೋಡಿಸಿ, ನೀನೇ ತಿರುಗಿಸು ಎಂದೆ. ಕೈ ತಿರುಗಿದಂತೆಲ್ಲ ಪರದೆಯ ಮೇಲೆ ಗೆರೆ ತಾನಾಗಿ ಬರೆದುಕೊಳ್ಳುತ್ತದೆ. ಅವನು ಎಡಗೈ ಚಾಚಿದ. ಬೆರಳುಗಳು ನಾಬನ್ನು ಸುತ್ತಿ ಹಿಡಿದವು, ಮಡಚಿಕೊಳ್ಳಲಿಲ್ಲ. ನಾನು ರೆಕಾರ್ಡ್ ಒತ್ತಿದೆ. ಎರಡರಿಂದ ನಾಲ್ಕಕ್ಕೆ ಹೋಗುವ ಮುಂಚೆ ಬೇಸ್ ಒಂಚೂರು ಹಿಂದಕ್ಕೆ ಎಳೆದು ಬಿಟ್ಟಿತು. ದಸರಾದಿಂದ ನಮ್ಮ ಮನೆಯಲ್ಲಿ ಆ ಎಳೆತ ಕೇಳಿರಲಿಲ್ಲ. ಕಾಫಿ ತಂದಿದ್ದ ಅಮ್ಮ ಬಾಗಿಲಲ್ಲೇ ನಿಂತಿದ್ದಳು. ಲೋಟ ಇಟ್ಟು ಹೋದಳು. ಅಡುಗೆಮನೆಯಲ್ಲಿ ನಲ್ಲಿ ಬಹಳ ಹೊತ್ತು ಸುರಿಯಿತು.

ಡಾಕ್ಟರು ಹೇಳಿದ ಬೇರೆ ಥರದ ಚಲನೆ ಇದೇ ಎಂದು ನಾವು ತೀರ್ಮಾನ ಮಾಡಿಬಿಟ್ಟೆವು. ನಾಬಿನಿಂದ ಮೆಲ್ಲಗೆ ಚರ್ಮಕ್ಕೆ ಬರಬಹುದು, ರಾಮನವಮಿಗೆ ಇನ್ನೂ ಸಮಯವಿದೆ. ಪ್ರತಿ ಭಾನುವಾರ ಮಕ್ಕಳ ಪಾಠ ಮುಗಿದ ಮೇಲೆ ನಾಲ್ಕು ಸಲ ರೆಕಾರ್ಡಿಂಗ್. ಪ್ರತಿಯೊಂದಕ್ಕೂ ನಾನು ತಾರೀಕು ಹಾಕಿ ಉಳಿಸುತ್ತಿದ್ದೆ. ಅಣ್ಣನಿಗೆ ಅಷ್ಟು ಸಾಲಲಿಲ್ಲ. ನಾನು ಆಫೀಸಿಗೆ ಹೋದ ಮೇಲೆ ವಾರವಿಡೀ ಕೋಣೆಯಲ್ಲಿ ಕೂತು ಅಭ್ಯಾಸ ಮಾಡುತ್ತಿದ್ದ. ತಕಧಿಮಿ ಎಂದು ಜತಿ ಹೇಳಿಕೊಂಡು, ಒಂದನೇ ಕಾಲ, ಎರಡನೇ ಕಾಲ, ಮೂರನೇ ಕಾಲ, ಹನ್ನೆರಡನೇ ವಯಸ್ಸಿನಲ್ಲಿ ಮೃದಂಗದ ಮುಂದೆ ಮಾಡಿದಂತೆಯೇ. ಬೇರೆ ರೀತಿಯಲ್ಲಿ ಅಭ್ಯಾಸ ಮಾಡುವುದು ಅವನಿಗೆ ಗೊತ್ತಿರಲಿಲ್ಲ. ನನಗೂ ಅದು ತಪ್ಪು ಎಂದು ಹೊಳೆಯಲಿಲ್ಲ.

ಮೂರನೆಯ ಭಾನುವಾರದ ಗೆರೆಯಲ್ಲಿ ಒಂದು ಸಣ್ಣ ಹಲ್ಲು ಕಂಡಿತು. ನಾಬಿನೊಳಗೆ ಧೂಳು ಸೇರಿರಬೇಕೆಂದು ಪೆಟ್ಟಿಗೆ ಬಿಚ್ಚಿ ಸ್ಪ್ರೇ ಹೊಡೆದು ಒರೆಸಿದೆ. ಮುಂದಿನ ವಾರ ಎರಡು ಹಲ್ಲು. ಪಕ್ಕದ ನಾಬ್‌ಗೆ ಬದಲಾಯಿಸಿದೆ. ಅದರಲ್ಲೂ ಬಂತು. ಆಗ ಎಲ್ಲ ವಾರಗಳ ಗೆರೆಗಳನ್ನೂ ಒಂದರ ಕೆಳಗೊಂದು ಜೋಡಿಸಿದೆ. ಮೊದಲ ಭಾನುವಾರದ್ದು ಬೆಟ್ಟದ ಸಾಲಿನಂತೆ ನುಣುಪು. ಕೆಳಗೆ ಇಳಿದಂತೆ ಗರಗಸ. ಹಲ್ಲುಗಳೆಲ್ಲ ಒಂದೇ ಜಾಗದಲ್ಲಿ, ಎರಡರಿಂದ ನಾಲ್ಕಕ್ಕೆ ಹೋಗುವ ಮುಂಚಿನ ಆ ಎಳೆತದಲ್ಲಿ.

ಪರದೆ ಮುಚ್ಚುವ ಮುಂಚೆ ಅಣ್ಣ ಬಂದು ನನ್ನ ಬೆನ್ನ ಹಿಂದೆ ನಿಂತಿದ್ದ. ಅವನಿಗೆ ವಿವರಿಸುವ ಅಗತ್ಯ ಬೀಳಲಿಲ್ಲ. ಕೊನೆಯ ಗೆರೆ ಯಾವ ವಾರದ್ದು ಎಂದು ಕೇಳಿದ. ಇವತ್ತಿನದು ಎಂದೆ.

"ನಾನು ನಾಬ್‌ಗೂ ಈ ಚಾಳಿ ಕಲಿಸ್ಬಿಟ್ಟೆ ನೋಡು," ಎಂದ.

ಮರುದಿನ ಅವನೇ ಪೆಂಡಾಲಿನವರಿಗೆ ಫೋನ್ ಮಾಡಿದ. ಕೈಗೆ ಪೆಟ್ಟಾಗಿದೆ ಎಂದಷ್ಟೇ ಹೇಳಿ, ಬೇರೊಬ್ಬರ ಹೆಸರು ಸೂಚಿಸಿದ. ಮುಂದಿನ ವರ್ಷ ನೋಡೋಣ ಎಂದು ಅವರು ಹೇಳಿರಬೇಕು, ಇವನು ಆಗಲಿ ಸರ್ ಎಂದ. ರಾಮನವಮಿಯ ಆ ಸಂಜೆ ಅಮ್ಮ ಪಾನಕ, ಕೋಸಂಬರಿ ಮಾಡಿದ್ದಳು. ಮೂವರೂ ಟಿ.ವಿ. ನೋಡುತ್ತಾ ತಿಂದೆವು.

ಪಾಠ ಮಾತ್ರ ನಡೆಯುತ್ತಿತ್ತು. ಜತಿ ಹೇಳಿಕೊಡಲು ಬಾಯಿ ಸಾಕು, ಬಲಗೈ ಇನ್ನೂ ಚೆನ್ನಾಗಿತ್ತು. ಗುಮ್ಕಿ ಹೇಗಿರಬೇಕೆಂದು ಕೇಳಿಸಲು ನನ್ನ ಬೇಸನ್ನೇ ನಿಧಾನದ ಕಾಲದಲ್ಲಿ ಫೋನಿಗೆ ಹಾಕಿಕೊಡು ಎಂದ. ಅವನು ಹೇಳುತ್ತಾ ಹೋದ ಹಾಗೆ ಗೆರೆಯನ್ನು ಮೌಸಿನಿಂದಲೇ ಎಳೆದೆ. ಹೆಚ್ಚುಕಡಿಮೆ ಹತ್ತಿರ ಬಂದಿತ್ತು, ಆ ಎಳೆತ ಒಂದು ಬಿಟ್ಟು. ಪರವಾಗಿಲ್ಲ, ಮಕ್ಕಳಿಗೆ ಇಷ್ಟು ಸಾಕು ಎಂದ. ಅಣ್ಣನ ಬಾಯಲ್ಲಿ ಇಷ್ಟು ಸಾಕು ಎಂಬ ಮಾತನ್ನು ಅದಕ್ಕೆ ಮುಂಚೆ ಕೇಳಿದ್ದು ನನಗೆ ನೆನಪಿಲ್ಲ.

ಕೆಲವು ವಾರಗಳಾದ ಮೇಲೆ ಒಂದು ಭಾನುವಾರ ಪಾಠಕ್ಕೆ ಒಬ್ಬಳೇ ಹುಡುಗಿ ಬಂದಿದ್ದಳು, ನಾಲ್ಕನೇ ಕ್ಲಾಸಿನವಳು, ಜೊತೆಗೆ ಅವಳ ತಾಯಿ. ಅಣ್ಣ ಫೋನಿನಲ್ಲಿ ಬೇಸ್ ಹಾಕಿದ. ಹುಡುಗಿ ಕಣ್ಣರಳಿಸಿ ಕೇಳಿ, ಬಾಯಲ್ಲೇ ವೌಂ ವೌಂ ಎಂದು ಅನುಕರಿಸಿ ನಕ್ಕಳು. ಅವಳ ತಾಯಿಗೂ ನಗು ಬಂತು. ಅಣ್ಣನೂ ನಕ್ಕ. ಆಮೇಲೆ ಹುಡುಗಿ ತನ್ನ ಪುಟ್ಟ ಅಂಗೈಯನ್ನು ಎಡಮುಖದ ಮೇಲೆ ಇಟ್ಟು, ಎಲ್ಲಿ ಒತ್ತಬೇಕೆಂದು ತಿಳಿಯದೆ ತಲೆಯೆತ್ತಿದಳು.

"ಸರ್, ಫೋನಲ್ಲಿ ಬೇಡ. ನೀವೇ ಕೈಯಲ್ಲಿ ತೋರ್ಸಿ."

ಅಣ್ಣ ಎಡಗೈ ಮುಂದೆ ತಂದ. ಚರ್ಮಕ್ಕೆ ಇನ್ನೂ ಒಂದು ಗೇಣು ಇರುವಾಗಲೇ ಬೆರಳುಗಳು ಮಡಚಿಕೊಂಡವು. ಹುಡುಗಿ ಆ ಮುಷ್ಟಿಯನ್ನು ನೋಡಿ, ಹಾಗೆಯೇ ಮಾಡಬೇಕೆಂದುಕೊಂಡು ತಾನೂ ಬೆರಳು ಮಡಚಿದಳು. ಅಣ್ಣ ಬಲಗೈಯಿಂದ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ.

"ಎಡಗೈ ಮುಂದಿನ ಮೇಷ್ಟ್ರು ಹೇಳ್ಕೊಡ್ತಾರೆ ಪುಟ್ಟ. ನಾವಿವತ್ತು ಬಲಗೈ ಮುಗಿಸೋಣ."

ಮುಂದಿನ ಮೇಷ್ಟ್ರು ಯಾರೆಂದು ತಾಯಿ ಕೇಳಿದರು. ಮಲ್ಲೇಶ್ವರಂನಲ್ಲಿದ್ದಾರೆ, ಒಳ್ಳೆಯವರು ಎಂದು ಹೇಳಿ ಅಣ್ಣ ಅವರ ಫೋನ್ ನಂಬರ್ ಕೊಟ್ಟ. ಎಲ್ಲೂ ನೋಡದೆ, ತಡವರಿಸದೆ ಹೇಳಿದ. ಉಳಿದ ಮಕ್ಕಳ ಮನೆಯವರಿಗೆಲ್ಲ ಅದನ್ನು ಹೇಳಿ ಹೇಳಿ ಅವನಿಗೆ ಬಾಯಿಪಾಠವಾಗಿತ್ತು.