ಕಿವಿಗೆ ಹಾಕಿದ ಮಾತು

ಸೋಮನಹಳ್ಳಿಯ ಹತ್ತಿರ ನನ್ನ ಅಣ್ಣನ ಮಗಳದೊಂದು ಶೆಡ್ಡಿದೆ. ಭತ್ತ ಕೊಯ್ಯುವ ಮಿಷನ್ನುಗಳನ್ನು ಬಾಡಿಗೆಗೆ ಕಳಿಸುತ್ತಾಳೆ. ಕೊಯ್ಲಿನ ಕಾಲದಲ್ಲಿ ಅವಳ ಫೋನಿಗೆ ಬಿಡುವೇ ಇರುವುದಿಲ್ಲ. ಅದಕ್ಕೇ ಈ ಸಲ, ರೈತರ ಜೊತೆ ತಾನೇ ಮಾತಾಡಿ ತಾನೇ ಕೆಲಸ ಮುಗಿಸುವ ಒಂದು ಎ.ಐ. ಇಟ್ಟುಕೊಂಡಳು. ಏಜೆಂಟ್ ಅಂತೆ. ಏಜೆಂಟ್ ಅಂದರೆ ನನಗೆ ಇವತ್ತಿಗೂ ಮನೆಗೆ ಬಂದು ಕಾಫಿ ಕುಡಿದು ಹೋಗುವ ಇನ್ಶೂರೆನ್ಸಿನವರೇ ಕಣ್ಣಿಗೆ ಬರುವುದು.

"ಅತ್ತೆ, ಇದಕ್ಕೆ ಎರಡು ಟೂಲ್ ಕೊಟ್ಟಿದೀನಿ. ಒಂದು, ಯಾವ ದಿನ ಮಿಷನ್ ಖಾಲಿ ಇದೆ ಅಂತ ನೋಡೋಕೆ. ಇನ್ನೊಂದು, ಮಿಷನ್ ಕಳ್ಸೋಕೆ. ಯಾವುದನ್ನ ಯಾವಾಗ ಬಳಸಬೇಕು ಅಂತ ಬರೆದುಕೊಡಿ. ನಿಮ್ಮದು ಕಾನ್ವೆಂಟ್ ಇಂಗ್ಲಿಷು, ನೀಟಾಗಿರುತ್ತೆ."

"ಯಾರು ಓದ್ತಾರೆ ಇದನ್ನ?"

"ಅದೇ ಓದುತ್ತೆ."

"ಅದು ಅಂದ್ರೆ?"

"ಅಯ್ಯೋ ಅತ್ತೆ, ಅದೇ!"

ಓದುವವರು ಯಾರೆಂದು ಗೊತ್ತಿಲ್ಲದೆ ನಾನು ಯಾವತ್ತೂ ಏನನ್ನೂ ಬರೆದವಳಲ್ಲ. ಆದರೂ ಕೂತೆ. ನಮ್ಮ ಕಾನ್ವೆಂಟಿನ ಸಿಸ್ಟರ್, ಉದ್ದ ಬರಹವನ್ನು ಚಿಕ್ಕದಾಗಿಸುವ ಪ್ರೆಸೀ ಕ್ಲಾಸಿನಲ್ಲಿ ಕೆಂಪು ಪೆನ್ನು ಹಿಡಿದು, ಎಲ್ಲರಿಗೂ ಗೊತ್ತಿರುವುದನ್ನು ಬರೆದರೆ ಓದುವವರಿಗೆ ಇನ್ಸಲ್ಟ್ ಮಾಡಿದ ಹಾಗೆ ಅನ್ನುತ್ತಿದ್ದರು. ಆ ಬಿಳಿ ಉಡುಪಿನ ತೋಳು, ಸೀಮೆಸುಣ್ಣದ ವಾಸನೆ ಎಲ್ಲ ನೆನಪಾಯಿತು. ಕಳಿಸುವ ಟೂಲಿಗೆ ಒಂದೇ ಸಾಲು ಬರೆದೆ: ರೈತರು ಇಂಥ ದಿನ ಮಿಷನ್ ಬೇಕು ಅಂದಾಗ ಇದನ್ನು ಬಳಸುವುದು. ಚೆನ್ನಾಗಿದೆ ಅನ್ನಿಸಿತು.

ಮುಂದಿನ ವಾರ ನಾನು ಶೆಡ್ಡಿನಲ್ಲಿದ್ದಾಗಲೇ ದುದ್ದದ ಕಡೆಯ ರೈತ ಹೆಂಗಸೊಬ್ಬಳು ಅಣ್ಣನ ಮಗಳಿಗೆ ಫೋನು ಮಾಡಿದಳು. ಈಕೆ ಶೆಡ್ಡಿನ ಮೊದಲ ಗಿರಾಕಿ. ಆಕೆ ಹೇಳಿದ್ದಕ್ಕೇ ಆ ಸುತ್ತಿನ ಜನವೆಲ್ಲ ಇಲ್ಲಿಗೆ ಬಂದದ್ದು, ಆಕೆ ಬೇಡವೆಂದರೆ ಎಲ್ಲರೂ ಹೋದಂತೆಯೇ.

"ಏನವ್ವ ಇದು? ಮಿಷನ್ ಬಂದು ಬದೀಗ್ ನಿಂತದಲ್ಲ! ಗದ್ದೇಲಿ ಇನ್ನೂ ನೀರದೆ ಕಣಮ್ಮ. ಇಳುಸುದ್ರೆ ಊತ್ಕೊಂಡು ಬತ್ತನೆಲ್ಲ ತುಳ್ದಾಕ್ಬುಡ್ತದೆ. ನಾನು ಕಿವಿಗ್ ಆಕಿದ್ದು ಅಷ್ಟೇ ತಾನೇ? ಕಳ್ಸು ಅಂದ್ನಾ? ಇಂಗಾದ್ರೆ ನಾವು ಬ್ಯಾರೆ ಕಡೆ ನೋಡ್ಕತೀವಿ ಬುಡು!"

ಕಿವಿಗೆ ಹಾಕುವುದು ನಮ್ಮ ಕಡೆ ಎಲ್ಲರೂ ಮಾಡುವುದೇ. ತೆನೆ ಬಾಗುವ ಹೊತ್ತಿಗೇ ಮಿಷನ್ನಿನವರಿಗೆ 'ಈ ಗುರುವಾರ ಬೇಕಾಗುತ್ತೆ' ಅಂತ ಒಂದು ಮಾತು ಹೇಳಿಟ್ಟಿರುತ್ತಾರೆ. ಆಮೇಲೆ ನೀರು ಬಸಿದು, ನೆಲ ಗಟ್ಟಿಯಾಗಿ, ಮನೆಯಲ್ಲಿ ಮಾತಾಡಿ, ಕಳಿಸು ಅಂತ ಇನ್ನೊಮ್ಮೆ ಹೇಳಿದರೇನೇ ಮಿಷನ್ನು ಹೊರಡುವುದು.

ಅಣ್ಣನ ಮಗಳು ಕೈಕಾಲು ಹಿಡಿಯುವಂತೆ ಮಾತಾಡಿ ಮಿಷನ್ ವಾಪಸ್ ಕರೆಸಿದಳು. ಆಮೇಲೆ ನನ್ನ ಕಡೆ ತಿರುಗಿದಳು. "ಅದು ನೀವು ಬರೆದ ಹಾಗೇ ಮಾಡಿದೆ ಅತ್ತೆ. ಆಕೆ ದಿನ ಹೇಳಿದ್ದೇ ಕಳಿಸಿಬಿಟ್ಟಿದೆ."

"ಗದ್ದೆ ಒಣಗಿರಬೇಕು ಅಂತ ಬರೀಬೇಕಾ? ಎಲ್ಲರಿಗೂ ಗೊತ್ತಿರೋದಲ್ವೇನೇ?"

"ಎಲ್ಲರಿಗೂ ಅಂದ್ರೆ ಯಾರಿಗೆ? ಅದು ಗದ್ದೆ ನೋಡಿದೆಯಾ?"

ಕನ್ನಡ ಮಾತಾಡುತ್ತೆ, ಇಂಗ್ಲಿಷ್ ಓದುತ್ತೆ, ಗದ್ದೆ ಗೊತ್ತಿಲ್ಲ. ಎಂಥ ಓದುಗ ಇದು? ಬುದ್ಧಿವಂತನೋ, ನಿನ್ನೆ ಹುಟ್ಟಿದ ಕೂಸೋ? ಎರಡೂ ಅಂದುಕೊಂಡು ಮತ್ತೆ ಬರೆದೆ. ಈ ಟೂಲು ಮಿಷನ್ನನ್ನು ನಿಜವಾಗಿಯೇ ಕಳಿಸುತ್ತದೆ. ರೈತರು ದಿನ ಹೇಳಿದರೆ ಅದು ಮುಂಚಿತವಾಗಿ ತಿಳಿಸಿಟ್ಟದ್ದು ಮಾತ್ರ, ಆಗ ಬಳಸಬೇಡ. ನೆಲ ಒಣಗಿದೆಯೇ, ಈಗ ಕಳಿಸಲೇ ಅಂತ ಕೇಳು. ಹೌದು ಅಂದ ಮೇಲೆ ಕಳಿಸು. ಸಿಸ್ಟರ್ ನೋಡಿದ್ದರೆ ಪೂರ್ತಿ ಹೊಡೆದುಹಾಕುತ್ತಿದ್ದರು.

ಒಂದಷ್ಟು ದಿನ ದುದ್ದದಿಂದ ಒಂದು ಕರೆಯೂ ಇಲ್ಲ. ಅಣ್ಣನ ಮಗಳು ಸರಿಯಾಗಿ ಊಟ ಮಾಡಲಿಲ್ಲ. ಆಮೇಲೊಂದು ಸಂಜೆ ನಗುತ್ತಾ ಬಂದು, ದುದ್ದದ ಆಕೆ ಏಜೆಂಟಿನ ಜೊತೆ ಆಡಿದ ಮಾತಿನ ರೆಕಾರ್ಡಿಂಗ್ ಕೇಳಿಸಿದಳು.

"ಸೋಮವಾರಕ್ಕೆ ಮಿಷನ್ ಬೇಕಾಯ್ತದೆ."

"ನೆಲ ಒಣಗಿದೆಯಾ ಅಮ್ಮಾ? ಈಗ ಕಳಿಸಲಾ?"

"ಇನ್ನೂ ಇಲ್ಲ ಕಣಪ್ಪ."

"ಸರಿ ಅಮ್ಮಾ, ಕಳಿಸುವುದಿಲ್ಲ. ಒಣಗಿದ ಮೇಲೆ ಹೇಳಿ."

"ಈಗ್ ಬುದ್ಧಿ ಬಂತು ನೋಡು!"

ಅಷ್ಟರಲ್ಲಿ ನನ್ನ ಫೋನೇ ಹೊಡೆದುಕೊಂಡಿತು. ಆಕೆಯೇ.

"ಅಮ್ಮಾವ್ರೇ, ಆ ಮಾತಾಡೋ ಮಿಷನ್ನಿಗೇಳಿವ್ನಿ. ಅದ್ಕೆ ಕಿವಿ ಅದೋ ಇಲ್ವೋ ಯಾರ್ಗೊತ್ತು, ನಿಮ್ ಕಿವಿಗೂ ಒಂದ್ ಮಾತ್ ಆಕಿವ್ನಿ. ಸೋಮವಾರ."

ಹೂಂ ಅಂದೆ. ಆ ಹೂಂ ಹೇಳುವುದಕ್ಕೆ ನನಗೆ ಯಾರೂ ಏನನ್ನೂ ಬರೆದುಕೊಟ್ಟಿರಲಿಲ್ಲ.