ಬಿಡಿಸೋ ಮೇಡಂ ಬಿಡದ ಚಟ

ಕುಡಿತ ಬಿಡಿಸುವ ಕೇಂದ್ರದಲ್ಲಿ ಸಮಾಲೋಚಕಿಯಾಗಿದ್ದ ಅವಳನ್ನು ಜನ ‘ಬಿಡಿಸೋ ಮೇಡಂ’ ಎಂದೇ ಕರೆಯುತ್ತಿದ್ದರು. ಮೊದಲು ಅವಳು ಮನೆಮನೆ ತಿರುಗಿ ಮಕ್ಕಳಿಗೆ ಲಸಿಕೆ ಹಾಕುವ ಆರೋಗ್ಯ ಕಾರ್ಯಕರ್ತೆ. ಬಾಗಿಲು ತಟ್ಟಿದಲ್ಲೆಲ್ಲ ಮಗುವಿಗಿಂತ ಮೊದಲು ನೆಲದ ಮೇಲೆ ಬಿದ್ದಿರುವ ಅಪ್ಪನೇ ಕಾಣುತ್ತಿದ್ದರಿಂದ, ಮತ್ತೆ ಓದಿ, ಪರೀಕ್ಷೆ ಕಟ್ಟಿ, ಈ ಕೆಲಸಕ್ಕೆ ಬಂದಳು. ಓದಿದ್ದು ಒಲೆಯ ಮುಂದೆ, ಒಂದು ಕೈಯಲ್ಲಿ ಸೌಟು, ಇನ್ನೊಂದರಲ್ಲಿ ಪುಸ್ತಕ. ಸೊಸೆಯನ್ನು ಓದಲಿಕ್ಕೆ ಬಿಟ್ಟಿದ್ದೇವೆ ಎಂದು ಅತ್ತೆ ಕಂಡವರಿಗೆಲ್ಲ ಹೇಳಿಕೊಂಡರು. ಬಿಟ್ಟದ್ದು ಓದಲಿಕ್ಕೆ ಮಾತ್ರ. ಕೈಯಲ್ಲಿದ್ದ ಸೌಟನ್ನು ಯಾರೂ ಇಸಿದುಕೊಳ್ಳಲಿಲ್ಲ.

ಗಂಡ ಲೈಬ್ರರಿಯನ್. ಕರೆಂಟು ಹೋದರೂ ಕತ್ತಲಲ್ಲೇ ಬೇಕಾದ ಪುಸ್ತಕಕ್ಕೆ ಕೈ ಹಾಕುವ ನಿಪುಣ. ಮನೆಗೆ ಬಂದರೆ ಮಾತ್ರ ಕಣ್ಣಿಗೆ ಏನೋ ಆಗಿಬಿಡುತ್ತಿತ್ತು. ಮೂಗಿನ ನೇರಕ್ಕೆ ನೇತುಹಾಕಿದ ಟವೆಲ್ಲೂ ಕಾಣುತ್ತಿರಲಿಲ್ಲ. ಕುಡಿಯುವುದಿಲ್ಲ, ಸೇದುವುದಿಲ್ಲ, ಅಪ್ಪಟ ಚಿನ್ನ ಎಂದು ನೆಂಟರು ಹೊಗಳುತ್ತಿದ್ದರು. ಆ ಚಿನ್ನವನ್ನು ದಿನಾ ತೊಳೆದು ಒರೆಸಿ ಇಡುವವರು ಯಾರು ಎಂದು ಯಾರೂ ಕೇಳಲಿಲ್ಲ.

ಕೇಂದ್ರದಲ್ಲಿ ವಾರಕ್ಕೊಮ್ಮೆ ಕುಡುಕರ ಹೆಂಡತಿಯರ ಸಭೆ. ಅವಳ ಪಾಠ ಒಂದೇ: ಗಂಡನ ತಪ್ಪಿಗೆ ಸೆರಗು ಮುಚ್ಚಬೇಡಿ, ಜ್ವರ ಎಂದು ಸುಳ್ಳು ಹೇಳಿ ಅವನ ಆಫೀಸಿಗೆ ಫೋನ್ ಮಾಡಬೇಡಿ, ಬಿದ್ದವನು ತಾನೇ ಏಳಲಿ. ಒಂದು ನಿಯಮವನ್ನೂ ಮಾಡಿದ್ದಳು. ಸಭೆಯ ನಡುವೆ ಯಾರಿಗೆ ಗಂಡನ ಫೋನ್ ಬಂದರೂ ಸ್ಪೀಕರ್ ಹಾಕಬೇಕು, ಏನು ಉತ್ತರ ಕೊಡಬೇಕೆಂದು ಎಲ್ಲರೂ ಸೇರಿ ಹೇಳಿಕೊಡಬೇಕು. ಒಬ್ಬಳೇ ಇದ್ದರೆ ಕರಗುತ್ತಾಳೆ, ಜೊತೆಗೆ ಜನ ಇದ್ದರೆ ಗಟ್ಟಿಯಾಗುತ್ತಾಳೆ ಎಂಬ ನಂಬಿಕೆ.

ಆ ವಾರ ಬೇರೆ ಊರಿನ ತರಬೇತಿ ಶಾಲೆಯಿಂದ ಕರೆ ಬಂದಿತ್ತು. ಇದೇ ವಿಧಾನವನ್ನು ಹೊಸ ಸಮಾಲೋಚಕರಿಗೆ ಕಲಿಸಬೇಕು. ಅಲ್ಲೇ ಉಳಿಯಬೇಕು, ರಜೆಗೆ ಮನೆಗೆ ಬರಬಹುದು. ಪಾಠ ಹೇಳುವುದು ಅವಳ ಬಹುಕಾಲದ ಆಸೆ. ಸುದ್ದಿ ಕೇಳಿದ ಅತ್ತೆ, ಸೊಸೆ ಬಡಿಸಿದ್ದನ್ನು ಉಂಡು ಮುಗಿಸಿ, ಇನ್ನು ಮೇಲೆ ಉಪವಾಸ ಎಂದು ಸಾರಿದರು. ಗಂಡ ಉದಾರಿ. ಬೇಕಾದರೆ ಹೋಗು, ಆಮೇಲೆ ಮನೆ ಏನಾಯಿತು ಎಂದು ನನ್ನನ್ನು ಕೇಳಬೇಡ ಎಂದ. ಆಗುವುದಿಲ್ಲ ಎಂದು ಶಾಲೆಗೆ ಹೇಳಿಬಿಡಲು ಅವಳು ಮನಸ್ಸು ಮಾಡಿಯಾಗಿತ್ತು.

ಅಂದಿನ ಸಭೆಯಲ್ಲಿ ಬಡಿದುಕೊಂಡ ಫೋನು ಮೇಡಮ್ಮಿನದೇ. ಎದ್ದು ಹೊರಗೆ ಹೊರಟವಳನ್ನು ಹೊಲಿಗೆಯವಳು ತಡೆದಳು. ಗಂಡನ ಫೋನಿಗೆ ಪ್ರತಿ ಸಲವೂ ಕರಗಿ, ಇದೇ ಕೋಣೆಯಲ್ಲಿ ಗಟ್ಟಿಯಾದವಳು ಅವಳು.

“ಕೂತ್ಕೊಳ್ಳಿ ಮೇಡಂ. ಸ್ಪೀಕರ್ ಹಾಕಿ. ನಮಗೊಂದು ನ್ಯಾಯ, ನಿಮಗೊಂದಾ?”

ಹಾಕಿದಳು.

“ಏನೇ, ಸಕ್ಕರೆ ಎಲ್ಲಿಟ್ಟಿದ್ದೀಯ? ಅಮ್ಮಂಗೆ ಟೀ ಬೇಕಂತೆ. ಸ್ವಲ್ಪ ಬೇಗ ಬಂದ್ಬಿಡು. ಆ ಶಾಲೆಯೋರಿಗೆ ಆಗಲ್ಲ ಅಂದ್ಯಾ? ನೀನಿಲ್ದಿದ್ರೆ ನನ್ನ ಗತಿ ಏನು ಅಂತ ನಿಂಗೇ ಗೊತ್ತಲ್ಲ.”

ಆ ಕೊನೆಯ ಮಾತು ಅಲ್ಲಿದ್ದ ಪ್ರತಿಯೊಬ್ಬಳಿಗೂ ಬಾಯಿಪಾಠ. ಅವರವರ ಗಂಡಂದಿರು ಅಳುತ್ತಾ, ತೊದಲುತ್ತಾ ಹೇಳುತ್ತಿದ್ದದ್ದೂ ಅದನ್ನೇ. ಇದಕ್ಕೆ ಸಾರಾಯಿ ವಾಸನೆ ಇರಲಿಲ್ಲ, ಅಷ್ಟೇ.

ಹೊಲಿಗೆಯವಳು ಫೋನಿಗೆ ಅಂಗೈ ಅಡ್ಡ ಹಿಡಿದಳು. “ಪಾಪ, ಯಾವಾಗಿಂದ ಮೇಡಂ ಈ ಥರ?”

“ಮದುವೆ ಆದಾಗಿಂದ.”

“ಹಳೇ ಕೇಸು. ಕುಡಿದಿದ್ರೆ ಬೆಳಿಗ್ಗೆ ಇಳಿಯೋದು. ಇದು ಇಳಿಯೋದಲ್ಲ.”

ಮೂಲೆಯಲ್ಲಿದ್ದ ಹಾಲಿನವಳು, ಕೇಸು ಆತನದಲ್ಲ, ಕೇಳಿದ ಕೂಡಲೇ ‘ಮೇಲಿನ ಶೆಲ್ಫು, ಎಡಗಡೆ’ ಎನ್ನಲು ಬಾಯಿ ತೆರೆದ ಮೇಡಮ್ಮಿನದೇ ಎಂದು ತೀರ್ಪು ಕೊಟ್ಟಳು. ಊರಿಗೆಲ್ಲ ಶಕುನ ಹೇಳುವ ಹಲ್ಲಿ ಬಚ್ಚಲಿಗೆ ಬಿದ್ದದ್ದನ್ನು ಎಲ್ಲರೂ ಸುತ್ತ ನಿಂತು ನೋಡಿದಂತಾಯಿತು. ಅವಳಿಗೆ ನಾಚಿಕೆಯಾಯಿತು, ನಗುವೂ ಬಂತು. ಅವರೆಲ್ಲ ಹೇಳಿಕೊಟ್ಟದ್ದನ್ನು ಅಕ್ಷರ ಬಿಡದೆ ಫೋನಿಗೆ ಒಪ್ಪಿಸಿದಳು: “ಹುಡುಕಿ, ಸಿಗುತ್ತೆ. ಶಾಲೆಗೆ ಬರ್ತೀನಿ ಅಂತ ಇವತ್ತೇ ಹೇಳ್ತೀನಿ.”

ಹೇಳಿದಳು, ಹೋದಳು. ಚಟ ಬಿಟ್ಟ ಹೊಸತರಲ್ಲಿ ಕೈ ಹೇಗೆ ನಡುಗುತ್ತದೆ ಎಂದು ತರಗತಿಯಲ್ಲಿ ಪಾಠ ಮಾಡುವಾಗ ಅವಳದೇ ಕೈ ಫೋನಿನ ಕಡೆ ಸರಿಯುತ್ತಿತ್ತು. ಮನೆಯಿಂದ ಮೊದಮೊದಲು ಒಂದೇ ಸಮನೆ ಫೋನು ಬಂತು, ಆಮೇಲೆ ಕಡಿಮೆಯಾಯಿತು, ಆಮೇಲೆ ನಿಂತೇಹೋಯಿತು. ನಿಂತದ್ದಕ್ಕೆ ಬೇಜಾರೂ ಆಯಿತು. ಚಟ ಎಂದರೆ ಅದೇ.

ರಜೆಗೆ ಬಂದು ನೋಡಿದರೆ ಅಡುಗೆಮನೆಯ ಡಬ್ಬಗಳಿಗೆಲ್ಲ ಪುಸ್ತಕದ ಬೆನ್ನಿಗೆ ಅಂಟಿಸುವಂಥ ಚೀಟಿ, ಅದರ ಮೇಲೆ ನಂಬರು. ಇದನ್ನು ನೋಡಲು ಅಕ್ಕಪಕ್ಕದವರೂ ಬಂದು ಹೋಗಿದ್ದರಂತೆ. ಇಂಥ ಗಂಡ ಸಿಗಬೇಕಾದರೆ ಪುಣ್ಯ ಮಾಡಿರಬೇಕು ಎಂದು ಎದುರುಮನೆಯಾಕೆ ಬಾಗಿಲಲ್ಲೇ ನಿಂತು ಹೇಳಿದಳು. ಇಷ್ಟು ವರ್ಷ ಚೀಟಿಯಿಲ್ಲದೆ ಅದೇ ಅಡುಗೆಮನೆ ನಡೆಸಿದವಳು ಸಿಕ್ಕಿದ್ದು ಯಾರ ಪುಣ್ಯವೋ, ಅದನ್ನು ಯಾರೂ ಹೇಳಿರಲಿಲ್ಲ. ಉಪವಾಸ ಸಾರಿದ್ದ ಅತ್ತೆ ಮೈಕೈ ತುಂಬಿಕೊಂಡಿದ್ದರು. “ಉಪ್ಪು ತಗೊಂಡ್ರೆ ಅದೇ ಜಾಗದಲ್ಲಿ ಇಡ್ಬೇಕಂತೆ ಕಣೇ, ನನಗೂ ಬೈತಾನೆ” ಎಂದು ಪಿಸುಗುಟ್ಟಿದರು.

ಅವಳು ಟೀಗೆ ನೀರಿಟ್ಟಳು. ಸಕ್ಕರೆ ಹಳೆಯ ಜಾಗದಲ್ಲಿರಲಿಲ್ಲ.

“ರೀ, ಸಕ್ಕರೆ ಎಲ್ಲಿ?”

ಗಂಡ ಪೇಪರಿನಿಂದ ತಲೆ ಎತ್ತದೆ ನಂಬರು ಹೇಳಿದ. ಹುಡುಕಿದರೆ ಸಿಗುತ್ತಿತ್ತು. ಅವಳು ಉರಿ ಸಣ್ಣ ಮಾಡಿ, ಹೊರಗೆ ಬಂದು, ಅವನ ಎದುರಿನ ಕುರ್ಚಿಯಲ್ಲಿ ಕೂತಳು.

“ಕಣ್ಣಿಗೆ ಕಾಣ್ತಿಲ್ಲ ಕಣ್ರೀ. ನೀವೇ ಹಾಕ್ಕೊಂಡು ಬನ್ನಿ.”

ಪೇಪರು ನಿಧಾನವಾಗಿ ಕೆಳಗಿಳಿಯಿತು. ಗಂಡ ಎದ್ದ. ಅಡುಗೆಮನೆಯ ಬಾಗಿಲಲ್ಲಿ ನಿಂತು ತಿರುಗಿದ.

“ಅಮ್ಮಂಗೆ ಎಷ್ಟು ಚಮಚ?”

ಉತ್ತರ ಅವಳ ನಾಲಿಗೆಯ ತುದಿಯಲ್ಲೇ ಇತ್ತು.

“ಒಳಗೇ ಇದ್ದಾರಲ್ಲ,” ಎಂದಳು, “ಅವರನ್ನೇ ಕೇಳಿ.”